ಆಟದೊಳಗಿನ ಬೇಹುಗಾರ

ಒಂದು ಕಾಲದ ಜನ ಯಾವುದನ್ನು ಹಂಬಲಿಸಿದರು, ಯಾವುದಕ್ಕೆ ಅಂಜಿದರು ಎಂಬುದನ್ನು ಅರಿಯಬೇಕಾದರೆ ಅವರ ಇತಿಹಾಸವನ್ನು ಓದಿದರಷ್ಟೇ ಸಾಲದು. ಅವರು ಆಡಿದ ಆಟಗಳನ್ನೂ ನೋಡಬೇಕು. ಅರಸರು ಆನೆ, ಕುದುರೆ, ಕಾಲಾಳುಗಳ ದಂಡು ಕಟ್ಟಿ ಕಾದಾಡುತ್ತಿದ್ದ ದಿನಗಳ ನೆನಪು ಚದುರಂಗದ ಮಣೆಯ ಮೇಲೆ ಇಂದಿಗೂ ಉಳಿದಿದೆ. ಕಾಡುಮೃಗದ ಭಯವನ್ನು ಬಲ್ಲ ಹಳ್ಳಿಗರು ಜಗುಲಿಯ ಕಲ್ಲಿನ ಮೇಲೆ ಗೆರೆ ಕೊರೆದು ಹುಲಿ-ಕುರಿಯ ಆಟವಾಡಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಲಾಢ್ಯ ರಾಷ್ಟ್ರಗಳು ರಣರಂಗದಲ್ಲಿ ಎದುರುಬದುರಾಗದೆ, ಬೇಹುಗಾರರ ಮೂಲಕ ಒಬ್ಬರ ಮರ್ಮವನ್ನು ಇನ್ನೊಬ್ಬರು ಅರಿಯಲು ಹೆಣಗಿದವು. ಆ ಕಾಲಕ್ಕೆ ಶೀತಲ ಸಮರದ ಕಾಲವೆಂದು ಹೆಸರು. ಅದರ ಆತಂಕವೂ ಕುತೂಹಲವೂ ಮೊದಲು ಕಾದಂಬರಿಯಾದವು, ಅನಂತರ ಚಲನಚಿತ್ರವಾದವು, ಕೊನೆಗೆ ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಆಡುವ ವಿಡಿಯೋ ಆಟವಾದವು.

ಇಂತಹ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1997ರ ಆಗಸ್ಟ್ ತಿಂಗಳಿನಲ್ಲಿ ಬಿಡುಗಡೆಯಾದ ‘ಗೋಲ್ಡನ್‌ಐ 007’. ಜೇಮ್ಸ್ ಬಾಂಡ್ ಎಂಬ ಕಲ್ಪಿತ ಬೇಹುಗಾರನ ಚಲನಚಿತ್ರವೊಂದನ್ನು ಆಧರಿಸಿದ ಈ ಆಟದ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಜಗತ್ತಿನಲ್ಲಿ ಮಾರಾಟವಾದವು. ಇದನ್ನು ಮೆಚ್ಚಿದವರು ಬುದ್ಧಿಗೆ ಸಾಣೆ ಹಿಡಿಯುವ ಆಟವೆಂದರು. ಒಪ್ಪದವರು ಎಳೆಯರ ಕೈಗೆ ಬಂದೂಕು ಕೊಡುವ ಆಟವೆಂದರು. ಅಮೆರಿಕದಲ್ಲಿ ಇದನ್ನು ಹದಿಹರೆಯದವರು ಆಡಬಹುದೆಂದು ವರ್ಗೀಕರಿಸಲಾಯಿತು. ಜರ್ಮನಿಯಲ್ಲಿ ಎಳೆಯರಿಗೆ ಮಾರಬಾರದೆಂಬ ಪಟ್ಟಿಗೆ ಇದು ಸೇರಿತು. ಒಂದೇ ಆಟವನ್ನು ಎರಡು ದೇಶಗಳು ಎರಡು ಬಗೆಯಾಗಿ ತೂಗಿದವು. ಹಾಗಾದರೆ ಇದರಲ್ಲಿ ಗ್ರಾಹ್ಯವೇನು, ತ್ಯಾಜ್ಯವೇನು? ಕಾಳು ಯಾವುದು, ಜೊಳ್ಳು ಯಾವುದು? ತೂರಿ ನೋಡದೆ ಹೇಳಲಾಗದು.

ಬಾಂಡನ ಹುಟ್ಟಿನ ಕಥೆ ಸ್ವಾರಸ್ಯವಾದುದು. ಅವನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ (1908-1964) ಎಂಬ ಆಂಗ್ಲ ಲೇಖಕನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿ ಕೆಲಸ ಮಾಡಿದವನು. ಜರ್ಮನಿಯು ಸ್ಪೇನ್ ದೇಶದ ಕಡೆಗೆ ಕೈಚಾಚಿದರೆ ಅಲ್ಲಿ ಬೇಹುಗಾರಿಕೆ ಹೇಗೆ ನಡೆಯಬೇಕೆಂಬ ಯೋಜನೆಯೊಂದನ್ನು ಅವನು ರೂಪಿಸಿದ್ದನು. ಆ ಯೋಜನೆಯ ಗುಪ್ತನಾಮ ‘ಗೋಲ್ಡನ್‌ಐ’, ಎಂದರೆ ಹೊನ್ನಗಣ್ಣು. ಯುದ್ಧ ಮುಗಿದ ಮೇಲೆ ಅವನು ಜಮೈಕಾ ದ್ವೀಪದಲ್ಲಿ ಮನೆಯೊಂದನ್ನು ಕಟ್ಟಿಸಿ ಅದಕ್ಕೂ ಅದೇ ಹೆಸರನ್ನಿಟ್ಟನು. ಆ ಮನೆಯಲ್ಲಿ ಕುಳಿತು 1952ರಲ್ಲಿ ಅವನು ಬರೆದ ‘ಕ್ಯಾಸಿನೋ ರಾಯಲ್’ ಎಂಬ ಕಾದಂಬರಿ ಮರುವರ್ಷ ಪ್ರಕಟವಾಯಿತು. ನಾಯಕನಿಗೆ ತೀರ ಸಾಮಾನ್ಯವಾದ ಹೆಸರೊಂದು ಬೇಕೆಂದು, ವೆಸ್ಟ್ ಇಂಡೀಸ್ ದ್ವೀಪಗಳ ಹಕ್ಕಿಗಳನ್ನು ಕುರಿತು ಗ್ರಂಥ ಬರೆದ ಜೇಮ್ಸ್ ಬಾಂಡ್ ಎಂಬ ಅಮೆರಿಕದ ಪಕ್ಷಿಶಾಸ್ತ್ರಜ್ಞನ ಹೆಸರನ್ನೇ ಫ್ಲೆಮಿಂಗ್ ಎತ್ತಿಕೊಂಡನು. ಹಕ್ಕಿಗಳನ್ನು ಸದ್ದಿಲ್ಲದೆ ಕಾದು ನೋಡುತ್ತಿದ್ದ ವಿದ್ವಾಂಸನ ಹೆಸರು ಗುಂಡಿನ ಸದ್ದಿನ ನಾಯಕನಿಗೆ ಅಂಟಿಕೊಂಡಿತು.

1962ರಲ್ಲಿ ‘ಡಾಕ್ಟರ್ ನೋ’ ಚಿತ್ರದೊಂದಿಗೆ ಬಾಂಡ್ ಬೆಳ್ಳಿತೆರೆಗೆ ಬಂದನು. ಅಂದಿನಿಂದ 2021ರವರೆಗೆ ಮುಖ್ಯ ಸರಣಿಯಲ್ಲಿ 25 ಚಿತ್ರಗಳು ತೆರೆಕಂಡಿವೆ. 1983ರ ‘ಆಕ್ಟೋಪಸ್ಸಿ’ ಚಿತ್ರಕ್ಕಾಗಿ ಬಾಂಡ್ ರಾಜಸ್ಥಾನದ ಉದಯಪುರಕ್ಕೂ ಬಂದು ಹೋದನು. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಮತ್ತು ನಟ ಕಬೀರ್ ಬೇಡಿ ಆ ಚಿತ್ರದಲ್ಲಿ ಅಭಿನಯಿಸಿದರು. ಫ್ಲೆಮಿಂಗನ ಮನೆಯ ಹೆಸರನ್ನು ಹೊತ್ತ ‘ಗೋಲ್ಡನ್‌ಐ’ ಚಿತ್ರ ತೆರೆಗೆ ಬಂದುದು 1995ರಲ್ಲಿ. ಸೋವಿಯತ್ ಒಕ್ಕೂಟ ಒಡೆದುಹೋಗಿ ನಾಲ್ಕು ವರ್ಷಗಳಾಗಿದ್ದವು. ಶೀತಲ ಸಮರವೇ ಮುಗಿದ ಮೇಲೆ ಬೇಹುಗಾರನಿಗೆ ಇನ್ನೇನು ಕೆಲಸವೆಂದು ಜನ ಕೇಳುತ್ತಿದ್ದ ಕಾಲವದು. ಅಣೆಕಟ್ಟಿನ ನೆತ್ತಿಯಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು ಬಾಂಡ್ ಕೆಳಕ್ಕೆ ಧುಮುಕುವ ದೃಶ್ಯದಿಂದ ಆ ಚಿತ್ರ ಆರಂಭವಾಗುತ್ತದೆ. ಕಥೆಯಲ್ಲಿ ಆ ಅಣೆಕಟ್ಟು ರಷ್ಯಾದಲ್ಲಿದೆ. ಸಾಹಸಿಯೊಬ್ಬನು ನಿಜವಾಗಿ ಧುಮುಕಿದುದು ಸ್ವಿಟ್ಜರ್ಲೆಂಡಿನ ವೆರ್ಜಾಸ್ಕಾ ಕಣಿವೆಯ 220 ಮೀಟರ್ ಎತ್ತರದ ಅಣೆಕಟ್ಟಿನಿಂದ.

ತೆರೆಯ ಮೇಲಣ ಈ ಅಬ್ಬರಕ್ಕೂ ನಿಜವಾದ ಬೇಹುಗಾರಿಕೆಗೂ ಇರುವ ಅಂತರವನ್ನು ಇಲ್ಲಿಯೇ ಗುರುತಿಸಿಕೊಳ್ಳುವುದು ಒಳ್ಳೆಯದು. ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ ಮುಖ್ಯವಾದುದು. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಬರುವ ಗೂಢಪುರುಷರು ಯಾರು? ಕಪಟ ಶಿಷ್ಯ, ಬೇಸಾಯಗಾರನ ವೇಷದವನು, ವರ್ತಕನ ವೇಷದವನು, ತಪಸ್ವಿಯ ವೇಷದವನು, ಭಿಕ್ಷುಕಿ. ನೆರೆಹೊರೆಯವರ ಕಣ್ಣಿಗೆ ಇವರು ಎದ್ದು ಕಾಣುವುದೇ ಇಲ್ಲ. ಒಬ್ಬ ಚಾರನ ಮಾತನ್ನು ನಂಬಬಾರದು. ಒಬ್ಬರನ್ನೊಬ್ಬರು ಅರಿಯದ ಮೂವರು ತಂದ ಸುದ್ದಿ ಒಂದೇ ಆದಾಗ ಮಾತ್ರ ನಂಬಬೇಕೆಂದು ಆ ಗ್ರಂಥ ವಿಧಿಸುತ್ತದೆ. ತಾಳ್ಮೆ, ಮೌನ, ಪರೀಕ್ಷೆ ಇವು ಆ ವೃತ್ತಿಯ ಮೂಲದ್ರವ್ಯಗಳು. ಹೋದಲ್ಲೆಲ್ಲ ತನ್ನ ನಿಜನಾಮವನ್ನು ಸಾರಿ ಹೇಳುವ ಬಾಂಡನು ಆ ಶಾಲೆಯಲ್ಲಿ ಒಂದು ದಿನವೂ ನಿಲ್ಲಲಾರನು. ಆದುದರಿಂದ ಈ ಆಟವನ್ನು ಬೇಹುಗಾರಿಕೆಯ ಪಾಠವೆಂದು ಭಾವಿಸುವುದು ತಪ್ಪು. ಅದು ಬೇಹುಗಾರನ ವೇಷದ ಆಟ.

ಆದರೂ ಈ ವೇಷವನ್ನು ಹೊಲಿದವರ ಶ್ರಮ ಸಾಮಾನ್ಯವಾದುದಲ್ಲ. ಇಂಗ್ಲೆಂಡಿನ ಟ್ವೈಕ್ರಾಸ್ ಎಂಬ ಹಳ್ಳಿಯಲ್ಲಿದ್ದ ‘ರೇರ್’ ಸಂಸ್ಥೆಯ ಹತ್ತು ಜನರಷ್ಟಿದ್ದ ಒಂದು ತಂಡ ಇದನ್ನು ನಿರ್ಮಿಸಿತು. ಮಾರ್ಟಿನ್ ಹಾಲಿಸ್ ಅದರ ಮುಖ್ಯಸ್ಥ. ತಂಡದಲ್ಲಿ ಹೆಚ್ಚಿನವರಿಗೆ ಅದೇ ಮೊದಲ ಆಟ. ಅನುಭವಕ್ಕಿಂತ ಉತ್ಸಾಹವೇ ಅವರ ಬಂಡವಾಳ. ಯಾವ ಯಂತ್ರಕ್ಕಾಗಿ ಅವರು ಆಟವನ್ನು ಬರೆಯುತ್ತಿದ್ದರೋ ಆ ‘ನಿಂಟೆಂಡೊ 64’ ಆಗ ಇನ್ನೂ ಸಿದ್ಧವಾಗಿರಲಿಲ್ಲ. ಬೇರೊಂದು ದೊಡ್ಡ ಗಣಕಯಂತ್ರದ ಮುಂದೆ ಕುಳಿತು, ಮುಂದೆ ಬರಲಿರುವ ಯಂತ್ರದ ಶಕ್ತಿಯನ್ನು ಊಹಿಸಿಕೊಂಡು ಅವರು ಕೆಲಸ ಮಾಡಬೇಕಾಯಿತು. ಲೀವ್ಸ್‌ಡೆನ್ ಎಂಬಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿಗೆ ಹೋಗಿ, ಕಟ್ಟಿದ ರಂಗಸಜ್ಜಿಕೆಗಳನ್ನು ಕಣ್ಣಾರೆ ನೋಡಿ, ಛಾಯಾಚಿತ್ರ ಮತ್ತು ನಕ್ಷೆಗಳನ್ನು ಪಡೆದು ಬಂದರು. ಚಿತ್ರ ತೆರೆಕಂಡು ಒಂದು ವರ್ಷ ಕಳೆದರೂ ಆಟ ಮುಗಿದಿರಲಿಲ್ಲ. ಚಿತ್ರದ ಜನಪ್ರಿಯತೆ ಆರುವ ಮುನ್ನ ಮಾರಬೇಕೆಂಬ ಅವಸರದಲ್ಲಿ ಅರೆಬೆಂದ ಆಟಗಳು ಪೇಟೆಗೆ ಬರುತ್ತಿದ್ದ ದಿನಗಳಲ್ಲಿ ಇವರು ಕಾದರು. ಅವಸರದ ಅಡುಗೆಗೆ ರುಚಿಯಿಲ್ಲವೆಂಬುದು ಅವರಿಗೆ ತಿಳಿದಿತ್ತು.

ಅವರ ನಿರ್ಮಾಣಕ್ರಮದಲ್ಲಿ ಒಂದು ವಿಶೇಷವಿತ್ತು. ಸಾಮಾನ್ಯವಾಗಿ ಆಟಗಾರನು ಎಲ್ಲಿಂದ ಹೊರಟು ಎಲ್ಲಿಗೆ ತಲುಪಬೇಕೆಂಬುದನ್ನು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ದಾರಿಯನ್ನು ರಚಿಸುವುದು ವಾಡಿಕೆ. ಇವರು ಮೊದಲು ಸ್ಥಳವನ್ನೇ ಕಟ್ಟಿದರು. ಬಾಗಿಲು, ಮೊಗಸಾಲೆ, ಉಗ್ರಾಣ, ಕಚೇರಿ ಎಲ್ಲವನ್ನೂ ಇದ್ದಂತೆಯೇ ಇರಿಸಿದರು. ಶತ್ರುಗಳನ್ನೂ ಕಾರ್ಯಗಳನ್ನೂ ಅಲ್ಲಿ ಆಮೇಲೆ ಹಂಚಿದರು. ಇದರಿಂದಾಗಿ ಯಾವ ಉಪಯೋಗಕ್ಕೂ ಬಾರದ ಕೋಣೆಗಳು ಹಲವು ಉಳಿದವು. ಆದರೆ ಆ ಕೋಣೆಗಳೇ ಆಟಕ್ಕೆ ನಿಜತ್ವವನ್ನು ತಂದುಕೊಟ್ಟವು. ಲೋಕದಲ್ಲಿಯೂ ಪ್ರತಿಯೊಂದು ಬಾಗಿಲ ಹಿಂದೆ ನಿಧಿ ಇರುವುದಿಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಹುಡುಕಿ ಅರಿಯಬೇಕಾದವನು ಮನುಷ್ಯನೇ.

ಇನ್ನು ಆಟದ ಸ್ವರೂಪ. ಪರದೆಯ ಮೇಲೆ ಕಾಣುವುದು ಬಾಂಡನ ದೇಹವಲ್ಲ, ಬಾಂಡನ ಕಣ್ಣಿಗೆ ಕಾಣುವ ಲೋಕ. ಕೆಳಗಡೆ ಆಯುಧ ಹಿಡಿದ ಒಂದು ಕೈ. ಕೈಗುಂಡಿಗಳನ್ನು ಒತ್ತಿ ಆಟಗಾರನು ನಡೆಯುತ್ತಾನೆ, ತಿರುಗುತ್ತಾನೆ, ಗುರಿಯಿಡುತ್ತಾನೆ. ಅಣೆಕಟ್ಟು, ರಾಸಾಯನಿಕ ಕಾರ್ಖಾನೆ, ಹಿಮ ಮುಚ್ಚಿದ ಬಯಲು, ನೆಲಮಾಳಿಗೆ, ಹಡಗು, ರೈಲುಬಂಡಿ, ಕಾಡು ಹೀಗೆ ಒಟ್ಟು 20 ಘಟ್ಟಗಳು. ಬೇಕೆಂದಾಗ ಬಾಂಡ್ ತನ್ನ ಕೈಗಡಿಯಾರವನ್ನು ಎತ್ತಿ ನೋಡುತ್ತಾನೆ. ಆಗ ಆಟ ನಿಲ್ಲುತ್ತದೆ, ಮಾಡಬೇಕಾದ ಕಾರ್ಯಗಳ ಪಟ್ಟಿ ಕಾಣುತ್ತದೆ. ಕಳೆದುಕೊಂಡ ಪ್ರಾಣಶಕ್ತಿ ಮರಳಿ ಬಾರದು. ಅಲ್ಲಲ್ಲಿ ಸಿಗುವ ಕವಚವೊಂದೇ ರಕ್ಷೆ. ಘಟ್ಟದ ನಡುವೆ ಸತ್ತರೆ ಆ ಘಟ್ಟವನ್ನು ಮೊದಲಿನಿಂದ ಆಡಬೇಕು. ಕಾವಲುಗಾರರಿಗೆ ಕಿವಿಯೂ ಉಂಟು. ಒಂದು ಗುಂಡು ಹಾರಿಸಿದರೆ ಹತ್ತಿರದವರು ಬರುತ್ತಾರೆ, ಎಡೆಬಿಡದೆ ಹಾರಿಸಿದರೆ ದೂರದವರೂ ಓಡಿಬರುತ್ತಾರೆ. ಆದುದರಿಂದ ಸದ್ದು ಮಾಡುವ ಪರಾಕ್ರಮಿಗಿಂತ ಸದ್ದಿಲ್ಲದೆ ನಡೆಯುವ ಜಾಣನೇ ಇಲ್ಲಿ ಹೆಚ್ಚು ದೂರ ಸಾಗುತ್ತಾನೆ.

ಬಾಂಡನಿಗೆ ‘ಕೊಲ್ಲುವ ಪರವಾನಗಿ’ ಉಂಟೆಂಬುದು ಕಾದಂಬರಿ ಮತ್ತು ಚಿತ್ರಗಳ ಹೆಗ್ಗಳಿಕೆ. ಆದರೆ ಆಟದಲ್ಲಿ ಆ ಪರವಾನಗಿ ಕಟ್ಟಿಲ್ಲದ ಕುದುರೆಯಲ್ಲ. ಕಾರ್ಖಾನೆಯ ಘಟ್ಟದಲ್ಲಿ ಶಸ್ತ್ರವಿಲ್ಲದ ವಿಜ್ಞಾನಿಗಳು ಅಲ್ಲಲ್ಲಿ ಕೆಲಸ ಮಾಡುತ್ತಿರುತ್ತಾರೆ. ಮೇಲಿನ ದರ್ಜೆಗಳಲ್ಲಿ ಅವರಿಗೆ ಹಾನಿಯಾಗದಂತೆ ನೋಡಿಕೊಳ್ಳುವುದೇ ಒಂದು ಕಾರ್ಯ. ಕಂಡವರ ಮೇಲೆಲ್ಲ ಗುಂಡು ಹಾರಿಸುವವನು, ಉಳಿದುದೆಲ್ಲವನ್ನೂ ಸಾಧಿಸಿದ್ದರೂ, ಸೋತವನೆಂದೇ ಲೆಕ್ಕ. ಆ ವಿಜ್ಞಾನಿಗಳ ನಡುವೆ ಬಾಂಡನ ಪಕ್ಷದವನೊಬ್ಬನಿದ್ದಾನೆ. ಅವನು ನಿಲ್ಲುವ ಜಾಗ ಪ್ರತಿ ಸಲವೂ ಬದಲಾಗುತ್ತದೆ. ಅವನನ್ನು ಹುಡುಕಿ, ಮಾತನಾಡಿಸಿ, ಅವನು ಕೊಡುವ ವಸ್ತುವನ್ನು ಪಡೆದರಲ್ಲದೆ ಮುಂದಿನ ಬಾಗಿಲು ತೆರೆಯದು. ಬಿಳಿಯ ನಿಲುವಂಗಿ ತೊಟ್ಟವರಲ್ಲಿ ಮಿತ್ರನಾರೆಂದು ತಿಳಿಯದಿರುವಾಗ ಎಲ್ಲರನ್ನೂ ಉಳಿಸುವುದೇ ವಿವೇಕ. ಬಂದೂಕಿನ ಆಟವೊಂದು ಬಂದೂಕನ್ನು ತಡೆದು ಹಿಡಿಯುವುದನ್ನು ಕಲಿಸುತ್ತದೆಯೆಂದರೆ ಅದು ಕಡೆಗಣಿಸತಕ್ಕ ಮಾತಲ್ಲ.

ಇದಕ್ಕಿಂತಲೂ ಗಮನಾರ್ಹವಾದುದು ದರ್ಜೆಗಳ ಏರ್ಪಾಡು. ಆಟದಲ್ಲಿ ಮುಖ್ಯವಾಗಿ ಮೂರು ದರ್ಜೆಗಳಿವೆ: ಏಜೆಂಟ್, ಸೀಕ್ರೆಟ್ ಏಜೆಂಟ್, 00 ಏಜೆಂಟ್. ಬಹಳಷ್ಟು ಆಟಗಳಲ್ಲಿ ದರ್ಜೆ ಏರಿದಂತೆ ಶತ್ರುವಿನ ಬಲ ಹೆಚ್ಚುತ್ತದೆ, ಅಷ್ಟೆ. ಇಲ್ಲಿ ಅದರೊಡನೆ ಆಟಗಾರನ ಹೊಣೆಯೂ ಹೆಚ್ಚುತ್ತದೆ. ಅಣೆಕಟ್ಟಿನ ಘಟ್ಟವನ್ನೇ ನೋಡಬಹುದು. ಮೊದಲ ದರ್ಜೆಯವನು ತುದಿಯನ್ನು ತಲುಪಿ ಕೆಳಕ್ಕೆ ಧುಮುಕಿದರೆ ಸಾಕು. ಎರಡನೆಯ ದರ್ಜೆಯವನು ಎಚ್ಚರಿಕೆಯ ಗಂಟೆಗಳನ್ನೆಲ್ಲ ಮೊದಲು ನಿಷ್ಕ್ರಿಯಗೊಳಿಸಬೇಕು. ಮೂರನೆಯ ದರ್ಜೆಯವನು ಅವುಗಳ ಜೊತೆಗೆ ಗುಪ್ತ ಸಾಧನವೊಂದನ್ನು ಅಳವಡಿಸಿ, ಶತ್ರುವಿನ ಮಾಹಿತಿಯನ್ನೂ ಕೈವಶ ಮಾಡಿಕೊಳ್ಳಬೇಕು. ಅಣೆಕಟ್ಟು ಅದೇ, ದಾರಿ ಅದೇ. ಆದರೆ ಮೇಲೇರಿದವನಿಗೆ ಕೆಲಸ ನಾಲ್ಕು. ಪದವಿ ಬಂದೊಡನೆ ಸವಲತ್ತು ಹೆಚ್ಚಿ ಕರ್ತವ್ಯ ಕಡಿಮೆಯಾಗುವುದೆಂದು ಭ್ರಮಿಸುವವರು ಲೋಕದಲ್ಲಿ ಅನೇಕರು. ದೊಡ್ಡ ಹೆಸರು ದೊಡ್ಡ ಹೊರೆಯನ್ನು ತರುತ್ತದೆಂಬ ನೀತಿಯನ್ನು ಈ ಆಟ ಬೋಧನೆಯ ಸೋಂಕಿಲ್ಲದೆ ಅನುಭವಕ್ಕೆ ತಂದುಕೊಡುತ್ತದೆ.

ಏಕಾಗ್ರತೆ ಮತ್ತು ಛಲ ಈ ಆಟದಿಂದ ಬೆಳೆಯುತ್ತವೆ ಎಂದು ಹೇಳುವವರಿದ್ದಾರೆ. ಅದಕ್ಕೆ ನಿದರ್ಶನವೂ ಉಂಟು. ಅಣೆಕಟ್ಟಿನ ಘಟ್ಟವನ್ನು ಮೊದಲ ದರ್ಜೆಯಲ್ಲಿ ಅತಿ ಕಡಿಮೆ ಕಾಲದಲ್ಲಿ ಮುಗಿಸುವ ಸ್ಪರ್ಧೆಯೊಂದು ಆಟಗಾರರಲ್ಲಿ ಬೆಳೆದುಬಂದಿತು. 2002ರಲ್ಲಿ ಒಬ್ಬನು ಅದನ್ನು 53 ಸೆಕೆಂಡುಗಳಲ್ಲಿ ಮುಗಿಸಿದನು. ಅದಕ್ಕಿಂತ ಒಂದು ಸೆಕೆಂಡು ಉಳಿಸಲು ಹಲವರು ವರ್ಷಗಟ್ಟಲೆ ಹೆಣಗಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಇನ್ನೊಬ್ಬನು 52 ಸೆಕೆಂಡುಗಳಲ್ಲಿ ಅದನ್ನು ಸಾಧಿಸಿದನು. ಒಂದು ಸೆಕೆಂಡಿಗೆ ಹದಿನೈದು ವರ್ಷ! ಕೇಳಿದವರಿಗೆ ಅಚ್ಚರಿಯೂ ನಗುವೂ ಒಟ್ಟಿಗೆ ಬಂದೀತು. ಆದರೆ ದೂರದ ಓಟದಲ್ಲಿ ಕ್ಷಣದ ಹತ್ತನೆಯ ಒಂದು ಪಾಲನ್ನು ಉಳಿಸಲು ಬಾಳನ್ನೇ ಸವೆಸುವ ಕ್ರೀಡಾಪಟುವಿನಲ್ಲಿರುವ ಛಲಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. ಭೇದವಿರುವುದು ಫಲದಲ್ಲಿ. ಓಟಗಾರನ ಶ್ರಮ ಅವನ ದೇಹವನ್ನಾದರೂ ಗಟ್ಟಿಗೊಳಿಸುತ್ತದೆ; ಕುಳಿತಲ್ಲಿಯೇ ಗುಂಡಿಯೊತ್ತುವವನ ಶ್ರಮದಿಂದ ಬೆರಳುಗಳು ಮಾತ್ರ ಚುರುಕಾಗುತ್ತವೆ. ಆಟದಲ್ಲಿ ಪಡೆದ ಏಕಾಗ್ರತೆ ಗಣಿತದ ಪುಸ್ತಕದ ಮುಂದೆ ತಾನಾಗಿ ಬಂದು ಕೂರುವುದಿಲ್ಲ. ಅದನ್ನು ಅಲ್ಲಿಗೆ ಕರೆತರಲು ಬೇರೆಯೇ ಸಂಕಲ್ಪ ಬೇಕು.

ಈ ಆಟದ ಬಹುದೊಡ್ಡ ಆಕರ್ಷಣೆ ಅದರ ಕೊನೆಯಲ್ಲಿ ಸೇರಿದ ಭಾಗ. ಒಂದೇ ಪರದೆಯನ್ನು ನಾಲ್ಕು ಪಾಲು ಮಾಡಿ, ನಾಲ್ವರು ಗೆಳೆಯರು ಪರಸ್ಪರ ಸ್ಪರ್ಧಿಸುವ ಏರ್ಪಾಡನ್ನು ನಿರ್ಮಾಣದ ಕೊನೆಯ ತಿಂಗಳುಗಳಲ್ಲಿ ಜೋಡಿಸಲಾಯಿತು. ಮೊದಲಿನ ಯೋಜನೆಯಲ್ಲಿ ಇಲ್ಲದಿದ್ದ ಈ ಭಾಗವೇ ಇಂಗ್ಲೆಂಡ್, ಅಮೆರಿಕಗಳ ಅಸಂಖ್ಯ ಮನೆಗಳಲ್ಲಿ ಆಟವನ್ನು ಮನೆಮಾತಾಗಿಸಿತು. ನಾಲ್ವರೂ ಒಂದೇ ಕೋಣೆಯಲ್ಲಿ ಭುಜಕ್ಕೆ ಭುಜ ತಾಗುವಂತೆ ಕುಳಿತುಕೊಳ್ಳಬೇಕು. ಪರದೆ ಒಂದೇ ಆದುದರಿಂದ ಪಕ್ಕದವನು ಎಲ್ಲಿ ಅಡಗಿದ್ದಾನೆಂದು ಕದ್ದು ನೋಡಲು ಯಾವ ಅಡ್ಡಿಯೂ ಇಲ್ಲ. ನೋಡಬಾರದೆಂಬ ಕಟ್ಟಳೆಯನ್ನು ಯಂತ್ರ ಜಾರಿಗೆ ತರಲಾರದು. ಗೆಳೆಯರೇ ಮಾಡಿಕೊಂಡು ಗೆಳೆಯರೇ ಪಾಲಿಸಬೇಕು. ಗೆದ್ದವನ ಜಂಬವನ್ನು ಸೋತವನು ಅಲ್ಲಿಯೇ ಇಳಿಸಬಲ್ಲನು. ಸೋತವನ ಮುಖ ಬಾಡಿದರೆ ಗೆದ್ದವನಿಗೆ ಕೂಡಲೆ ಕಾಣುತ್ತದೆ. ಮುಖ ಕಾಣದ ದೂರದ ಎದುರಾಳಿಯೊಡನೆ ಆಡುವ ಇಂದಿನ ಅನೇಕ ಆಟಗಳಲ್ಲಿ ಬೈಗುಳ ಸುಲಭವಾಗಿ ನಾಲಗೆಗೆ ಬರುತ್ತದೆ. ಎದುರಾಳಿ ಕೈಗೆಟಕುವಷ್ಟು ಹತ್ತಿರದಲ್ಲಿ ಕುಳಿತಿರುವುದೇ ಸೌಜನ್ಯಕ್ಕೆ ಒಂದು ಕಾವಲು.

ಇಷ್ಟು ಗುಣಗಳನ್ನು ಎಣಿಸಿದ ಮೇಲೂ ಮುಖ್ಯವಾದ ಆಕ್ಷೇಪಣೆ ಹಾಗೆಯೇ ಉಳಿಯುತ್ತದೆ. ಇದು ಕೊಲ್ಲುವ ಆಟ. ಕಾವಲುಗಾರನು ಗುಂಡು ತಗುಲಿ ಬೀಳುತ್ತಾನೆ. ಕ್ಷಣಹೊತ್ತಿನಲ್ಲಿ ಅವನ ದೇಹ ಮಸುಕಾಗಿ ಇಲ್ಲವಾಗುತ್ತದೆ. ಅಳುವವರಿಲ್ಲ, ಹೊರುವವರಿಲ್ಲ, ಅವನಿಗೊಂದು ಹೆಸರೂ ಇಲ್ಲ. ಮರಣಕ್ಕಿರುವ ಭಾರವನ್ನು ತೆಗೆದು ಅದನ್ನು ಗರಿಯಷ್ಟು ಹಗುರವಾಗಿಸುವುದು ಸರಿಯೇ? ಈ ಪ್ರಶ್ನೆಯನ್ನು ಹೊರಗಿನ ಟೀಕಾಕಾರರಷ್ಟೇ ಎತ್ತಲಿಲ್ಲ. ಆಟದ ಲೋಕದ ಒಳಗಿನಿಂದಲೇ ಅದು ಎದ್ದಿತು. ಮಾರಿಯೋ ಎಂಬ ಪಾತ್ರವನ್ನು ಸೃಷ್ಟಿಸಿ ಜಗದ್ವಿಖ್ಯಾತರಾದ ಜಪಾನಿನ ಶಿಗೆರು ಮಿಯಾಮೊಟೊ ಅವರು ಈ ಆಟವನ್ನು ಬಿಡುಗಡೆಗೆ ಮುನ್ನ ನೋಡಿ, ತಮ್ಮ ಅಭಿಪ್ರಾಯವನ್ನು ನಿರ್ಮಾಪಕರಿಗೆ ಬರೆದು ಕಳುಹಿಸಿದ ಸಂಗತಿಯನ್ನು ಹಾಲಿಸ್ ಅವರು 2015ರಲ್ಲಿ ನಾಟಿಂಗ್‌ಹ್ಯಾಮ್ ನಗರದ ಸಭೆಯೊಂದರಲ್ಲಿ ತಿಳಿಸಿದರು. ತೀರ ಹತ್ತಿರದಿಂದ ಕೊಲ್ಲುವ ದೃಶ್ಯಗಳು ಮಿತಿಮೀರಿವೆ, ಇಡೀ ಆಟ ದುಃಖಕರವಾಗಿದೆ ಎಂಬುದು ಮಿಯಾಮೊಟೊ ಅವರ ಕೊರಗು. ಅವರು ಕೊಟ್ಟ ಸಲಹೆ ವಿಲಕ್ಷಣವಾದುದು: ಆಟದ ಕೊನೆಯಲ್ಲಿ ಆಟಗಾರನು ಆಸ್ಪತ್ರೆಗೆ ಹೋಗಿ, ತಾನು ಗುಂಡಿಟ್ಟ ಶತ್ರುಗಳೆಲ್ಲರ ಕೈಕುಲುಕುವಂತಾದರೆ ಚೆನ್ನ!

ನಿರ್ಮಾಪಕರು ಆ ಸಲಹೆಯನ್ನು ಅಕ್ಷರಶಃ ಪಾಲಿಸಲಿಲ್ಲ. ಆದರೆ ಅದರ ಆಶಯವನ್ನು ಬೇರೊಂದು ಬಗೆಯಲ್ಲಿ ತಂದರು. ಚಲನಚಿತ್ರದಲ್ಲಿ ನಟರ ಹೆಸರುಗಳನ್ನು ತೋರಿಸುವಂತೆ, ಆಟದಲ್ಲಿಯೂ ಪಾತ್ರಗಳನ್ನು ಒಂದೊಂದಾಗಿ ಪರಿಚಯಿಸಿ, ಇದೆಲ್ಲ ಕಲ್ಪಿತವೆಂದು ಸೂಚಿಸಿದರು. ಕಾವಲುಗಾರರ ಮುಖಗಳಿಗೆ ತಮ್ಮ ಸಂಸ್ಥೆಯಲ್ಲಿ ದುಡಿಯುವವರ ಭಾವಚಿತ್ರಗಳನ್ನೇ ಅವರು ಬಳಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಯಕ್ಷಗಾನವನ್ನು ನೋಡಿ ಬೆಳೆದವರಿಗೆ ಈ ಭಾವ ಹೊಸತಲ್ಲ. ರಾತ್ರಿಯೆಲ್ಲ ಆರ್ಭಟಿಸಿ ಬೆಳಗಿನ ಜಾವಕ್ಕೆ ಹತನಾದ ರಾಕ್ಷಸನು ಚೌಕಿಗೆ ಹೋಗಿ ಬಣ್ಣ ಕಳಚಿ, ತನ್ನನ್ನು ಕೊಂದ ದೇವರ ಪಕ್ಕದಲ್ಲಿಯೇ ಕುಳಿತು ಚಹಾ ಕುಡಿಯುತ್ತಾನೆ. ರಂಗದ ಮೇಲಣ ವಧೆಯನ್ನು ನೋಡಿದ ಮಗು ಚೌಕಿಯಲ್ಲಿ ಈ ಸ್ನೇಹವನ್ನೂ ನೋಡಿದಾಗ ಕಥೆ ಯಾವುದು, ಬಾಳು ಯಾವುದು ಎಂದು ಅದಕ್ಕೆ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಮಿಯಾಮೊಟೊ ಅವರು ಬಯಸಿದ್ದು ಇಂತಹ ಒಂದು ಚೌಕಿಯನ್ನು. ಅದು ಆಟದೊಳಗೆ ಪೂರ್ಣವಾಗಿ ದೊರೆಯದಿದ್ದುದು ಒಂದು ಕೊರತೆಯೇ ಸರಿ.

ಇಂತಹ ಆಟಗಳನ್ನಾಡಿದ ಎಳೆಯರು ಹಿಂಸಾಚಾರಿಗಳಾಗುವರೇ? ಅವಸರದ ಉತ್ತರ ಎರಡೂ ಕಡೆ ಉಂಟು. ಅಮೆರಿಕದ ಮನಶ್ಶಾಸ್ತ್ರ ಸಂಘವು 2020ರಲ್ಲಿ ತನ್ನ ನಿಲುವನ್ನು ಪರಿಶೀಲಿಸಿ ಹೇಳಿದುದು ಹೀಗಿದೆ: ಹಿಂಸೆಯ ಆಟಗಳೇ ನಿಜವಾದ ಹಿಂಸಾಕೃತ್ಯಗಳಿಗೆ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ, ಆದರೆ ಕೂಗಾಡುವುದು, ತಳ್ಳುವುದು ಮೊದಲಾದ ಒರಟುತನಕ್ಕೂ ಅಂತಹ ಆಟಗಳಿಗೂ ನಡುವೆ ಅಲ್ಪ ಪ್ರಮಾಣದ ಸಂಬಂಧ ಕಾಣುತ್ತದೆ. ಇದರಿಂದ ತಿಳಿಯಬೇಕಾದುದಿಷ್ಟು. ಆಟ ಯಾರನ್ನೂ ಕೊಲೆಗಾರನನ್ನಾಗಿ ಮಾಡಿಬಿಡುವುದೆಂದು ಹೆದರಿಸುವುದು ಅತಿಶಯೋಕ್ತಿ. ಅದರಿಂದ ಏನೂ ಆಗದೆಂದು ಕೈತೊಳೆದುಕೊಳ್ಳುವುದು ಅಲಕ್ಷ್ಯ. ಸೋತಾಗ ತಮ್ಮನ ಮೇಲೆ ರೇಗುವ, ಊಟಕ್ಕೆ ಕರೆದ ತಾಯಿಗೆ ಸಿಡುಕುವ ಸ್ವಭಾವ ತಲೆಯೆತ್ತಿದೆಯೇ ಎಂದು ಆಟಗಾರನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಆ ಪರೀಕ್ಷೆಗೆ ಯಾವ ಸಂಘದ ವರದಿಯೂ ಬೇಕಾಗಿಲ್ಲ.

ಕಾಲಹರಣದ ಭಯ ಇದಕ್ಕಿಂತ ಸಮೀಪದ್ದು. ಆಟವು ಬದುಕಿನ ಉಳಿದೆಲ್ಲವನ್ನೂ ನುಂಗಿ, ಹಾನಿ ಕಂಡರೂ ಬಿಡಲಾಗದಂತಹ ಸ್ಥಿತಿ ತಲೆದೋರಿದರೆ ಅದನ್ನು ಒಂದು ವ್ಯಾಧಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸಿದೆ. 2019ರಲ್ಲಿ ಅಂಗೀಕಾರಗೊಂಡು 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ಆಡುವವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಅತಿಯಾದರೆ ಅಮೃತವೂ ವಿಷವೆಂದು ಅರ್ಥ. ಈ ವಿಷಯದಲ್ಲಿ 1997ರ ಆಟಕ್ಕೆ ಒಂದು ಹಿರಿಮೆಯಿತ್ತು. ಅದಕ್ಕೆ ಕೊನೆಯೆಂಬುದಿತ್ತು. ಘಟ್ಟಗಳು ಚಿಕ್ಕವು, ಒಂದು ಮುಗಿದರೆ ಎದ್ದು ಹೋಗಬಹುದಿತ್ತು. ಇಂದಿನ ಅನೇಕ ಆಟಗಳು ಕೊನೆಯೇ ಇಲ್ಲದಂತೆ, ಆಡಿದಷ್ಟೂ ಹಣವನ್ನೂ ಹೊತ್ತನ್ನೂ ಬೇಡುವಂತೆ ರಚಿತವಾಗಿವೆ. ಮುಗಿಯುವ ಆಟ ಆಟಗಾರನಿಗೆ ಎದ್ದು ಹೋಗಲು ದಾರಿಯನ್ನು ಬಿಟ್ಟುಕೊಡುತ್ತದೆ. ಮುಗಿಯದ ಆಟ ಆ ದಾರಿಯನ್ನು ಮುಚ್ಚುತ್ತದೆ.

ಇನ್ನೊಂದು ದೋಷ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದು ಶತ್ರುವಿನ ಕಲ್ಪನೆಗೆ ಸಂಬಂಧಿಸಿದ್ದು. ಹಿಮದಲ್ಲಿ ಗಡಗಡ ನಡುಗುತ್ತ ಕಾವಲು ನಿಂತ ರಷ್ಯಾದ ಸೈನಿಕನು ಮಾಡಿದ ಅಪರಾಧವೇನು? ಅವನೂ ತನ್ನ ದೇಶ ಕೊಟ್ಟ ಕೆಲಸವನ್ನೇ ಮಾಡುತ್ತಿದ್ದಾನೆ. ವಿಚಿತ್ರವೆಂದರೆ ಈ ಕಥೆಯ ನಿಜವಾದ ದ್ರೋಹಿ ರಷ್ಯಾದವನಲ್ಲ; ಬಾಂಡನ ಸಹೋದ್ಯೋಗಿ, 006 ಸಂಖ್ಯೆಯ ಬ್ರಿಟಿಷ್ ಬೇಹುಗಾರ. ಅವನ ತಾಯಿತಂದೆಗಳು ಕೊಸಾಕ್ ಜನಾಂಗದವರು. ಎರಡನೆಯ ಮಹಾಯುದ್ಧದ ಕೊನೆಗೆ, 1945ರಲ್ಲಿ, ಆಸ್ಟ್ರಿಯಾದ ಲೀಂಜ್ ಬಳಿ ತನಗೆ ಶರಣು ಬಂದಿದ್ದ ಕೊಸಾಕರನ್ನು ಬ್ರಿಟಿಷ್ ಸೈನ್ಯವು ಸೋವಿಯತ್ ಸೈನ್ಯಕ್ಕೆ ಒಪ್ಪಿಸಿಬಿಟ್ಟಿತು. ಇದು ಕಟ್ಟುಕತೆಯಲ್ಲ, ಇತಿಹಾಸ. ಆ ಹಳೆಯ ಗಾಯದಿಂದ ಹುಟ್ಟಿದ ದ್ವೇಷವೇ ಕಥೆಯ ಖಳನನ್ನು ರೂಪಿಸಿದೆ. ಅವನ ಸೇಡನ್ನು ಯಾರೂ ಸಮರ್ಥಿಸಲಾರರು. ಆದರೆ ಒಂದು ದೇಶ ಮಾಡಿದ ಅನ್ಯಾಯ ಎರಡನೆಯ ತಲೆಮಾರಿನಲ್ಲಿ ಹೇಗೆ ಮೊಳೆಯುತ್ತದೆಂಬುದನ್ನು ಯೋಚಿಸಲು ಇಲ್ಲಿ ಎಡೆಯಿದೆ. ಬೆರಳು ಗುಂಡಿಯ ಮೇಲಿರುವಾಗ ಆ ಯೋಚನೆಗೆ ಬಿಡುವಿರುವುದಿಲ್ಲ. ಆಟ ಮುಗಿದ ಮೇಲಾದರೂ ಅದಕ್ಕೆ ಬಿಡುವು ಮಾಡಿಕೊಡುವವನು ಆಟದಿಂದ ಏನನ್ನಾದರೂ ಪಡೆದವನು.

ಆಟದ ಕೊನೆಯ ಹೋರಾಟ ಆಕಾಶಕ್ಕೆ ಮುಖಮಾಡಿದ ಬೃಹತ್ ಆಂಟೆನಾ ಒಂದರ ಮೇಲೆ ತೂಗಾಡುವ ಕಟ್ಟಣೆಯಲ್ಲಿ ನಡೆಯುತ್ತದೆ. ಚಿತ್ರದಲ್ಲಿ ಅದಕ್ಕಾಗಿ ಬಳಸಿದುದು ಪೋರ್ಟೊರಿಕೊ ದ್ವೀಪದ ಅರೆಸಿಬೊ ರೇಡಿಯೋ ದೂರದರ್ಶಕವನ್ನು. ದಶಕಗಳ ಕಾಲ ವಿಜ್ಞಾನಿಗಳಿಗೆ ಆಕಾಶದ ದನಿಯನ್ನು ಕೇಳಿಸಿದ ಆ ನಿಜವಾದ ಯಂತ್ರವು 2020ರ ಡಿಸೆಂಬರ್ 1ರಂದು ಕುಸಿದುಬಿದ್ದಿತು. ಆಟದೊಳಗಿನ ಅದರ ನೆರಳು ಮಾತ್ರ ಇನ್ನೂ ನಿಂತಿದೆ. 2023ರ ಜನವರಿಯಲ್ಲಿ ಹೊಸ ಯಂತ್ರಗಳಿಗಾಗಿ ಈ ಆಟವನ್ನು ಮತ್ತೆ ಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರೂ ಅದನ್ನು ಕಂಡರು. ಬೇಹುಗಾರರ ಗುಂಡಿನ ನಡುವೆ ಆ ಯಂತ್ರವನ್ನು ನೋಡಿದ ಬಾಲಕನೊಬ್ಬನು ಇದೇನೆಂದು ಕೇಳಿ, ಹುಡುಕಿ, ನಕ್ಷತ್ರಗಳ ಪುಸ್ತಕವನ್ನು ತೆರೆದರೆ ಆ ಆಟ ಸಾರ್ಥಕವಾದಂತೆ.

ಆದುದರಿಂದ ಇಂತಹ ಆಟಗಳನ್ನು ಮನೆಯೊಳಗೆ ಬಿಡಲೇಬಾರದೆಂಬ ಹಟವೂ ಸಲ್ಲದು, ಬಂದುದನ್ನೆಲ್ಲ ಕಣ್ಣುಮುಚ್ಚಿ ಬರಮಾಡಿಕೊಳ್ಳುವ ಹಗುರತನವೂ ಸಲ್ಲದು. ಯಾವ ವಯಸ್ಸಿನಲ್ಲಿ, ಎಷ್ಟು ಹೊತ್ತು, ಯಾರೊಡನೆ ಎಂಬ ಮೂರು ಪ್ರಶ್ನೆಗಳಿಗೆ ಹಿರಿಯರೂ ಕಿರಿಯರೂ ಕೂಡಿ ಉತ್ತರ ಕಂಡುಕೊಳ್ಳಬೇಕು. ನಿಷೇಧ ಹಿರಿಯರ ಕೈಯಲ್ಲಿರಬಹುದು. ಆದರೆ ವಿವೇಕ ಆಡುವವನ ಒಳಗೇ ಹುಟ್ಟಬೇಕು. ಕೌಟಿಲ್ಯನು ಚಾರರ ಸುದ್ದಿಯನ್ನು ಪರೀಕ್ಷಿಸದೆ ನಂಬಬೇಡವೆಂದು ಅರಸನಿಗೆ ಹೇಳಿದನು. ಪರದೆಯ ಮೇಲೆ ಕಾಣುವ ಚಾರನ ವಿಷಯದಲ್ಲಿಯೂ ವಿದ್ಯಾರ್ಥಿಗಳು ಅದೇ ಎಚ್ಚರವನ್ನು ಇಟ್ಟುಕೊಳ್ಳುವುದು ಲೇಸು. ಅವನ ಧೈರ್ಯವನ್ನು ಮೆಚ್ಚಲಿ, ಚಾತುರ್ಯಕ್ಕೆ ತಲೆದೂಗಲಿ. ಅವನು ಸುಲಭವಾಗಿ ಹಾರಿಸಿದ ಗುಂಡಿನ ಬೆಲೆಯೇನೆಂದು ಕೇಳುವುದನ್ನು ಮಾತ್ರ ಮರೆಯದಿರಲಿ. ಗಡಿಯಾರವನ್ನು ಎತ್ತಿ ನೋಡಿದೊಡನೆ ಆಟವನ್ನು ನಿಲ್ಲಿಸುವ ಶಕ್ತಿ ಬಾಂಡನಿಗಿದೆ. ಹೊತ್ತನ್ನು ನೋಡಿ ಆಟವನ್ನು ನಿಲ್ಲಿಸುವ ಶಕ್ತಿ ಆಡುವವನಿಗೂ ಇದ್ದರೆ, ಅವನು ಆ ಆಟಕ್ಕೆ ಒಡೆಯನಾಗಿ ಉಳಿಯುತ್ತಾನೆ.